ಅಡಿಕೆ ಸಿಪ್ಪೆಯ ಹೊಗೆಯನ್ನೇ ಉರಿಸುವ ಒಲೆ

ಅಡಿಕೆ ಸುಲಿದ ಮೇಲೆ ಉಳಿಯುವ ಸಿಪ್ಪೆಯನ್ನು ಉರುವಲು ಮಾಡಿಕೊಂಡು, ಅದೇ ಅಡಿಕೆಯನ್ನು ಬೇಯಿಸುವ ಒಲೆಯೊಂದನ್ನು ನಮ್ಮ ಮನೆಯ ಹಿಂದಿನ ದರೆಗೆ (ಕಡಿದಾದ ಮಣ್ಣಿನ ಏರಿಗೆ) ಒತ್ತಿ ಕಟ್ಟಿದ್ದೇವೆ. ಒಂದು ಕೊಯ್ಲು ಮುಗಿಯುವವರೆಗೂ ಹಂಡೆ ಅದರ ಮೇಲೆಯೇ ಕುದಿದಿದೆ. ಕಟ್ಟಿದ ಕ್ರಮ, ಅಳತೆ, ಉರಿಸುವಾಗ ಎದುರಾದ ತೊಡಕು, ಅವನ್ನು ಬಿಡಿಸಿದ ಬಗೆ ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ವೆಲ್ಡಿಂಗ್ ಅಂಗಡಿಯೊಂದು ಹತ್ತಿರವಿದ್ದರೆ ಯಾವ ಬೆಳೆಗಾರರೂ ಇದನ್ನು ಕಟ್ಟಿಕೊಳ್ಳಬಹುದು.

ಹಸಿ ಅಡಿಕೆಕಾಯಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಿಪ್ಪೆಯೇ. ಸುಲಿಯುವ ಯಂತ್ರಗಳು ಬಂದ ಮೇಲೆ ಅದು ಒಂದೇ ಕಡೆ ಗುಡ್ಡೆ ಬೀಳುತ್ತದೆ. ತೋಟಕ್ಕೆ ಹಾಕಿದರೆ ಕೊಳೆಯಲು ತುಂಬಾ ಕಾಲ ಬೇಕು, ದನ ಮೂಸುವುದಿಲ್ಲ. ಹಾಗಾಗಿ ರಸ್ತೆಯ ಬದಿಗೆ ಸುರಿದು ಕಡ್ಡಿ ಗೀರುತ್ತಾರೆ. ಹಸಿ ಗುಡ್ಡೆ ಉರಿಯದೆ ದಿನಗಟ್ಟಲೆ ಒಳಗೊಳಗೇ ಸುಡುತ್ತದೆ. ಚನ್ನಗಿರಿ, ಭದ್ರಾವತಿ, ಸಾಗರದ ದಾರಿಗಳಲ್ಲಿ ಸುಗ್ಗಿಯ ಕಾಲದಲ್ಲಿ ಓಡಾಡಿದವರಿಗೆ ಆ ಹೊಗೆ ಚೆನ್ನಾಗಿ ಗೊತ್ತು. ದಮ್ಮಿನವರಿಗೆ, ಎಳೆ ಮಕ್ಕಳಿಗೆ ಅದು ನಿಜವಾದ ಸಂಕಟ. ಅದೇ ಹೊತ್ತಿನಲ್ಲಿ ಅದೇ ಮನೆಯ ಅಂಗಳದಲ್ಲಿ ಅಡಿಕೆ ಬೇಯಿಸಲು ಗಾಡಿಗಟ್ಟಲೆ ಸೌದೆ ಉರಿಯುತ್ತಿರುತ್ತದೆ. ಒಂದು ಕಡೆ ಉರುವಲನ್ನು ಹೊಗೆ ಮಾಡಿ ಬಿಡುವುದು, ಇನ್ನೊಂದು ಕಡೆ ಉರುವಲಿಗಾಗಿ ಕಾಡಿನ ಮರಕ್ಕೆ ಕೊಡಲಿ ಹಾಕುವುದು. ಇದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದ ಆಗಲಿಲ್ಲ.

ಗುಡ್ಡೆಯಿಂದ ಏಳುವ ದಟ್ಟ ಬಿಳಿ ಹೊಗೆಯಲ್ಲಿ ಇರುವುದೇನು? ಸಿಪ್ಪೆ ಬಿಸಿಯಾದಂತೆ ಮೊದಲು ನೀರು ಹೋಗುತ್ತದೆ. ಸುಮಾರು 200 ಡಿಗ್ರಿ ದಾಟಿದಾಗ ಅದರ ನಾರನ್ನು ಕಟ್ಟಿದ ಮೂರು ಅಂಶಗಳಲ್ಲಿ ಹೆಮಿಸೆಲ್ಯುಲೋಸ್ ಒಡೆಯತೊಡಗುತ್ತದೆ, 300ರಿಂದ 400ರ ನಡುವೆ ಸೆಲ್ಯುಲೋಸ್ ಒಡೆಯುತ್ತದೆ, ಲಿಗ್ನಿನ್ ನಿಧಾನವಾಗಿ ಕೊನೆಯವರೆಗೂ ಒಡೆಯುತ್ತಿರುತ್ತದೆ. ಒಡೆದು ಹೊರಬರುವುದು ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್, ಸ್ವಲ್ಪ ಮೀಥೇನ್, ಜೊತೆಗೆ ಹನಿಹನಿಯಾದ ಟಾರು. ಹಿಂದೆ ಉಳಿಯುವುದು ಇದ್ದಿಲು. ಹೊರಬಂದ ಆವಿಯೆಲ್ಲ ಉರಿಯಬಲ್ಲದ್ದೇ. ಬಿಸಿ ಇರುವಾಗಲೇ ಅದಕ್ಕೆ ಸಾಕಷ್ಟು ಗಾಳಿ ಸಿಕ್ಕರೆ ಪೂರ್ತಿ ಉರಿದುಹೋಗುತ್ತದೆ. ಸಿಗದಿದ್ದರೆ ತಣ್ಣಗಾಗಿ ಹೊಗೆಯಾಗುತ್ತದೆ. ಆದ್ದರಿಂದ ಈ ಒಲೆಯ ಕಸುಬೆಲ್ಲ ಗಾಳಿಯನ್ನು ಎರಡು ಪಾಲು ಮಾಡುವುದರಲ್ಲಿದೆ. ಒಂದು ಕಿಲೋ ಒಣ ಕಟ್ಟಿಗೆಯನ್ನು ಪೂರ್ತಿ ಉರಿಸಲು ಸುಮಾರು 6 ಕಿಲೋ ಗಾಳಿ ಬೇಕು. ಅದನ್ನು ಅನಿಲ ಮಾಡಲು ಒಂದೂವರೆ ಕಿಲೋ ಸಾಕು. ಈ ಸಣ್ಣ ಪಾಲನ್ನು ಕೆಳಗಿನಿಂದ ಕೊಟ್ಟು ಅನಿಲ ಎಬ್ಬಿಸಬೇಕು, ದೊಡ್ಡ ಪಾಲನ್ನು ಮೇಲೆ ಕೊಟ್ಟು ಆ ಅನಿಲವನ್ನು ಉರಿಸಬೇಕು.

ಈ ಬಗೆಯ ಒಲೆಗೆ ಟಿಎಲ್‌ಯುಡಿ (ಟಾಪ್ ಲಿಟ್ ಅಪ್‌ಡ್ರಾಫ್ಟ್) ಎಂಬ ಹೆಸರಿದೆ. ಉರುವಲನ್ನು ಮೇಲಿನಿಂದ ಹೊತ್ತಿಸುತ್ತಾರೆ, ಗಾಳಿ ಕೆಳಗಿನಿಂದ ಏರುತ್ತದೆ, ಬೆಂಕಿಯ ಪದರ ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಹೋಗುತ್ತದೆ. ಅಮೆರಿಕದ ಟಾಮ್ ರೀಡ್ ಮತ್ತು ನಾರ್ವೆಯ ಪಾಲ್ ವೆಂಡೆಲ್ಬೊ 1980ರ ದಶಕದಲ್ಲಿ ಬೇರೆ ಬೇರೆಯಾಗಿ ಇದನ್ನು ರೂಪಿಸಿದರು. ಅನಿಲೀಕರಣವಂತೂ ನಮ್ಮಲ್ಲಿ ಹಳೆಯದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಬಸ್ಸುಗಳು ಬೆನ್ನಿಗೆ ಅನಿಲ ಎಬ್ಬಿಸುವ ಉರುಳೆ ಕಟ್ಟಿಕೊಂಡು ಇದ್ದಿಲಿನ ಅನಿಲದಲ್ಲಿ ಓಡಿದವು. 1988ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಗ್ರಾಮೀಣ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರದವರು ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಕಟ್ಟಿಗೆಯ ಅನಿಲದಿಂದ ಎಂಜಿನ್ ನಡೆಸಿ ಊರಿಗೆ ದೀಪ ಕೊಟ್ಟರು. ನಾನು ಎಂಜಿನ್ನಿನ ಕಡೆಗೆ ಹೋಗಲಿಲ್ಲ. ಎಂಜಿನ್ನಿಗೆ ಹೋಗುವ ಅನಿಲದಲ್ಲಿ ಟಾರು ಒಂದು ಘನ ಮೀಟರಿಗೆ 100 ಮಿಲಿಗ್ರಾಂ ಒಳಗಿರಬೇಕು. ಅಷ್ಟು ಶುದ್ಧ ಮಾಡಲು ಸೋಸುವ, ತಣಿಸುವ ಸರಂಜಾಮು ಬೇಕು, ತೊಳೆದ ಟಾರು ನೀರನ್ನು ಎಲ್ಲಿ ಬಿಡುವುದು ಎಂಬ ಹೊಸ ತಲೆನೋವು ಹುಟ್ಟುತ್ತದೆ. ನಮಗೆ ಬೇಕಾದದ್ದು ಬಿಸಿ. ಅನಿಲ ಹುಟ್ಟಿದ ಜಾಗದಲ್ಲೇ, ಟಾರಿನ ಸಮೇತ, ಬಿಸಿಬಿಸಿಯಾಗಿ ಉರಿದುಹೋಗಲಿ ಎಂಬುದು ನನ್ನ ನಿಲುವು.

ಕಟ್ಟೋಣ

ಉರುವಲು ತುಂಬುವ ಪಾತ್ರೆ 200 ಲೀಟರಿನ ಕಬ್ಬಿಣದ ಡ್ರಮ್ಮು. ಒಳ ವ್ಯಾಸ 57 ಸೆಂಟಿಮೀಟರ್, ಎತ್ತರ ಸುಮಾರು 85. ಖಾದ್ಯತೈಲ ತುಂಬಿದ್ದ ಡ್ರಮ್ಮುಗಳನ್ನೇ ಹುಡುಕಿ ತಂದೆ. ಕೀಟನಾಶಕದ ಅಥವಾ ದ್ರಾವಕದ ಡ್ರಮ್ಮು ಬೇಡವೇ ಬೇಡ. ಒಳಗಿನ ಆವಿಗೆ ಗ್ರೈಂಡರಿನ ಕಿಡಿ ತಗುಲಿದರೆ ಸಿಡಿಯುತ್ತದೆ. ಎಣ್ಣೆಯ ಡ್ರಮ್ಮನ್ನೂ ಸೋಪಿನ ನೀರಿನಲ್ಲಿ ತೊಳೆದು, ನೀರು ತುಂಬಿ ಚೆಲ್ಲಿಯೇ ಕತ್ತರಿಸಬೇಕು. ಆಮೇಲೆ ಬಯಲಿನಲ್ಲಿ ದರಗು (ಒಣ ಎಲೆ) ತುಂಬಿ ಒಮ್ಮೆ ಸುಟ್ಟು ಬಣ್ಣವನ್ನೆಲ್ಲ ಹೋಗಿಸಿದೆವು.

ಡ್ರಮ್ಮಿನ ತಳಕ್ಕೆ 12 ಮಿಲಿಮೀಟರಿನ 60 ತೂತು ಕೊರೆದೆವು. ತೂತುಗಳ ಒಟ್ಟು ಜಾಗ ತಳದ ಶೇಕಡಾ ಮೂರಕ್ಕೂ ಸ್ವಲ್ಪ ಕಡಿಮೆ. ನೋಡಲು ಇದು ತೀರಾ ಕಡಿಮೆ ಎನ್ನಿಸುತ್ತದೆ, ವೆಲ್ಡಿಂಗ್ ಮಾಡುವವರೂ ‘ಇನ್ನಷ್ಟು ಕೊರೆಯೋಣ ಅಣ್ಣ, ಬೆಂಕಿ ಉಸಿರು ಕಟ್ಟುತ್ತದೆ’ ಎಂದರು. ಆದರೆ ಕೆಳಗಿನ ಗಾಳಿ ಹೆಚ್ಚಾದಷ್ಟೂ ಬೆಂಕಿಯ ಪದರ ಬೇಗ ಇಳಿಯುತ್ತದೆ, ಮೇಲೆ ಉರಿಯಲಾರದಷ್ಟು ಅನಿಲ ಒಮ್ಮೆಗೇ ನುಗ್ಗುತ್ತದೆ. ತಳದಿಂದ ಒಂದು ಗೇಣು ಕೆಳಗೆ ಇನ್ನೊಂದು ಮುಚ್ಚಿದ ತಟ್ಟೆ ಬೆಸೆದು ಗಾಳಿಪೆಟ್ಟಿಗೆ ಮಾಡಿ, ಅದಕ್ಕೆ ಎರಡಿಂಚಿನ ಪೈಪು ಕೊಟ್ಟು, ಪೈಪಿಗೊಂದು ಗೇಟ್ ವಾಲ್ವ್ ಹಾಕಿದೆವು. ಗಾಳಿ ಊದಲು ಕುಲುಮೆಗೆ ಬಳಸುವ ಕೈಬ್ಲೋವರ್ ಇದೆ. ನಮ್ಮ ಕಡೆ ಕರೆಂಟು ನೆಚ್ಚಿಕೊಂಡು ಹಂಡೆ ಏರಿಸುವ ಹಾಗಿಲ್ಲ. ಹೊತ್ತಿಸಿದ ಆರಂಭದಲ್ಲಿ ಮಾತ್ರ ಸ್ವಲ್ಪ ಊದಬೇಕು. ಚಿಮಣಿ ಬಿಸಿಯಾದ ಮೇಲೆ ಅದರ ಸೆಳೆತವೇ ಸಾಕಾಗುತ್ತದೆ.

ಮೇಲಿನ ಭಾಗ ಡ್ರಮ್ಮಿಗೆ ಅಂಟಿಕೊಂಡಿಲ್ಲ, ಅದು ಒಲೆಯ ಕಟ್ಟೆಗೆ ಸೇರಿದ್ದು. 3 ಮಿಲಿಮೀಟರ್ ಶೀಟಿನ ದುಂಡು ತಟ್ಟೆ, ಅದರ ನಡುವೆ ತೂತು, ತೂತಿನ ಮೇಲೆ 30 ಸೆಂಟಿಮೀಟರ್ ವ್ಯಾಸದ, 45 ಸೆಂಟಿಮೀಟರ್ ಎತ್ತರದ ಉರಿಗೊಳವೆ. ಗೊಳವೆಯ ಸುತ್ತ ಕಾವು ತಡೆಯುವ ಸೆರಾಮಿಕ್ ವೂಲ್ ಸುತ್ತಿ, ಹೊರಗೆ ಹುತ್ತದ ಮಣ್ಣು ಮೆತ್ತಿದ್ದೇವೆ. ಡ್ರಮ್ಮಿನ ಬಾಯಿಗೂ ಈ ತಟ್ಟೆಗೂ ನಡುವೆ ಎರಡೂವರೆ ಸೆಂಟಿಮೀಟರ್ ಸಂದು ಬಿಟ್ಟಿದೆ. ಆ ಸಂದೇ ಎರಡನೆಯ ಗಾಳಿಯ ದಾರಿ. ಸುತ್ತಲಿನಿಂದಲೂ ಗಾಳಿ ಅಲ್ಲಿ ಒಳನುಗ್ಗಿ, ನಡುವಿನ ತೂತಿನತ್ತ ಹರಿಯುವಾಗ ಅನಿಲದೊಂದಿಗೆ ಬೆರೆಯುತ್ತದೆ, ಗೊಳವೆಯೊಳಗೆ ಉರಿಯುತ್ತದೆ.

ಸಂದು ಬಿಟ್ಟಿದ್ದರಿಂದ ಇನ್ನೊಂದು ಅನುಕೂಲವಾಯಿತು. ಡ್ರಮ್ಮು ಯಾವುದಕ್ಕೂ ಬಿಗಿದಿಲ್ಲವಾದ್ದರಿಂದ ಅದನ್ನು ಚಕ್ರದ ತಳ್ಳುಗಾಡಿಯ ಮೇಲೆ ನಿಲ್ಲಿಸಿ ಒಲೆಯ ಕೆಳಗೆ ತಳ್ಳಬಹುದು, ಮುಗಿದ ಕೂಡಲೇ ಎಳೆದು ಇನ್ನೊಂದನ್ನು ತಳ್ಳಬಹುದು. ತುಂಬಿದ ಡ್ರಮ್ಮಿನಲ್ಲಿ ಉರಿ ಒಂದು ಗಂಟೆಗೂ ಸ್ವಲ್ಪ ಕಡಿಮೆ ಹೊತ್ತು ಬರುತ್ತದೆ. ಅಡಿಕೆ ಬೇಯುವುದು ಅಷ್ಟರಲ್ಲಿ ಮುಗಿಯುವುದಿಲ್ಲ. ಆದ್ದರಿಂದ ಎರಡು ಡ್ರಮ್ಮು ಬೇಕೇ ಬೇಕು. ಡ್ರಮ್ಮು, ಗಾಡಿ, ಗೊಳವೆ, ಅದರ ಮೇಲೆ ಹಂಡೆ ಎಂದರೆ ಆಳೆತ್ತರ ದಾಟುತ್ತದೆ, ಕುದಿಯುವ ಹಂಡೆ ಅಷ್ಟೆತ್ತರದಲ್ಲಿದ್ದರೆ ಅಪಾಯ. ನಮ್ಮ ಅಂಗಳದ ಅಂಚಿನಲ್ಲಿ ದರೆ ಇರುವುದು ಇಲ್ಲಿ ಕೈಹಿಡಿಯಿತು. ಹಂಡೆಯ ಕಟ್ಟೆ ಅಂಗಳದ ಮಟ್ಟದಲ್ಲಿದೆ, ಡ್ರಮ್ಮು ದರೆಯ ಕೆಳಗಿನ ಮಟ್ಟದಿಂದ ಒಳಗೆ ಹೋಗುತ್ತದೆ. ಬೇಯಿಸುವವರು ಮೇಲೆ, ಬೆಂಕಿ ನೋಡುವವರು ಕೆಳಗೆ. ಕೆಳಗಿನ ಮೂರು ಬದಿಯೂ ತೆರೆದಿದೆ, ಇದನ್ನು ಯಾರೂ ಮುಚ್ಚಬಾರದು. ಕಾರಣವನ್ನು ಮುಂದೆ ಹೇಳುತ್ತೇನೆ.

ಹಂಡೆಯ ಸುತ್ತ ಇಟ್ಟಿಗೆಯ ಗೋಡೆ ಎದ್ದಿದೆ. ಹಂಡೆಯ ಮೈಗೂ ಗೋಡೆಗೂ ನಡುವೆ ಮೂರು ಸೆಂಟಿಮೀಟರ್ ಜಾಗವಿದೆ. ಬಿಸಿಗಾಳಿ ಹಂಡೆಯ ತಳಕ್ಕೆ ಬಡಿದು, ಈ ಕಿರಿದಾದ ಜಾಗದಲ್ಲಿ ಮೈಗೆ ಒರೆಸಿಕೊಂಡು ಏರಿ, ಹಿಂದಿನ ಚಿಮಣಿಗೆ ಹೋಗುತ್ತದೆ. ಹಳೆಯ ಒಲೆಯಲ್ಲಿ ಈ ಜಾಗ ಒಂದು ಗೇಣಿತ್ತು, ಬಿಸಿಯೆಲ್ಲ ಹಂಡೆಯನ್ನು ಮುಟ್ಟದೆ ಮೇಲಕ್ಕೆ ಹೋಗುತ್ತಿತ್ತು. ಬೇರೇನೂ ಮಾಡಲಾಗದವರು ಸೌದೆ ಒಲೆಯಲ್ಲಿಯೇ ಈ ಜಾಗವನ್ನು ಕಿರಿದು ಮಾಡಿಕೊಂಡರೂ ಸೌದೆ ಉಳಿಯುತ್ತದೆ.

ಉರಿಗೊಳವೆಗೆ ಜಿಂಕ್ ಶೀಟು ಬಳಸಬೇಡಿ. ಅಗ್ಗ, ಕೈಗೆ ಸಿಗುತ್ತದೆ ಎಂದು ಮನಸ್ಸಾಗಬಹುದು. ಸತು 419 ಡಿಗ್ರಿಗೆ ಕರಗುತ್ತದೆ, 907 ಡಿಗ್ರಿಗೆ ಕುದಿದು ಆವಿಯಾಗುತ್ತದೆ. ಆ ಹೊಗೆ ಕುಡಿದವರಿಗೆ ಚಳಿಜ್ವರ ಬರುತ್ತದೆ. ಕಪ್ಪು ಕಬ್ಬಿಣದ ಶೀಟೇ ಸರಿ.

ಸಿಪ್ಪೆ ಒಣಗಿಸುವುದು

ಇಡೀ ಕೆಲಸದಲ್ಲಿ ಕಷ್ಟದ ಭಾಗ ಇದು, ವೆಲ್ಡಿಂಗ್ ಅಲ್ಲ. ಹಸಿ ಸಿಪ್ಪೆಯಲ್ಲಿ ನೀರೇ ಹೆಚ್ಚು. ಒಂದು ಕಿಲೋ ನೀರನ್ನು ಬಿಸಿ ಮಾಡಿ ಆವಿಯಾಗಿಸಲು ಸುಮಾರು 2.6 ಮೆಗಾಜೂಲ್ ಖರ್ಚಾಗುತ್ತದೆ. ಆ ಖರ್ಚು ಬೆಂಕಿಯಿಂದಲೇ ಹೋಗಬೇಕು, ಆಗ ಬೆಂಕಿಯ ಪದರ ತಣ್ಣಗಾಗುತ್ತದೆ, ಅನಿಲ ತೆಳುವಾಗುತ್ತದೆ, ಮೇಲಿನ ಉರಿ ನಂದುತ್ತದೆ. ಬಿಡದಿಯಲ್ಲಿ ಬೆಂಗಳೂರಿನ ಕಸ ಉರಿಸಿ 11.5 ಮೆಗಾವಾಟ್ ವಿದ್ಯುತ್ ತೆಗೆಯಲೆಂದು ಕಟ್ಟಿದ ದೊಡ್ಡ ಸ್ಥಾವರವೇ ಇರಲಿ, ನಮ್ಮ ಡ್ರಮ್ಮೇ ಇರಲಿ, ಹಸಿ ಕಸದ ಮುಂದೆ ಎಲ್ಲರ ಕಷ್ಟವೂ ಒಂದೇ.

ಕೊಯ್ಲಿನ ಕಾಲದಲ್ಲಿ ಅಂಗಳ, ಚಪ್ಪರ ಎಲ್ಲವೂ ಅಡಿಕೆಗೇ ಸಾಲುವುದಿಲ್ಲ, ಸಿಪ್ಪೆಗೆ ಜಾಗ ಎಲ್ಲಿಂದ? ಸಿಪ್ಪೆ ರಸ್ತೆಗೆ ಹೋಗುವುದಕ್ಕೆ ಮುಖ್ಯ ಕಾರಣ ಇದೇ ಎಂದು ನನಗೆ ಈಗ ಅನ್ನಿಸುತ್ತದೆ. ನಾವು ಒಂದು ವರ್ಷದ ಅಂತರ ಇಟ್ಟುಕೊಂಡೆವು. ಈ ಸಲದ ಸಿಪ್ಪೆಯನ್ನು ಬೇಣದಲ್ಲಿ (ಹುಲ್ಲು ಬೆಳೆಯುವ ಬಯಲಿನಲ್ಲಿ) ತೆಳ್ಳಗೆ ಹರವಿಟ್ಟು, ಫೆಬ್ರವರಿಯಿಂದ ಏಪ್ರಿಲ್ ತನಕದ ಬಿಸಿಲಿಗೆ ಬಿಟ್ಟು, ಮೊದಲ ಮಳೆಗೆ ಮುಂಚೆ ಗೋಣಿಚೀಲದಲ್ಲಿ ತುಂಬಿ ಸೌದೆ ಕೊಟ್ಟಿಗೆಗೆ ಸೇರಿಸಿದರೆ ಮುಂದಿನ ಕೊಯ್ಲಿಗೆ ಉರುವಲು ಸಿದ್ಧ. ಹರವುವಾಗ ಒಂದು ಗೇಣಿಗಿಂತ ದಪ್ಪ ಇರಬಾರದು, ನಡುನಡುವೆ ಮಗುಚಬೇಕು. ದಪ್ಪಗಿದ್ದರೆ ಒಳಗೆ ಬಿಸಿಯೇರಿ ಕೊಳೆಯುತ್ತದೆ.

ಒಣಗಿತೇ ಎಂದು ತಿಳಿಯಲು ತಕ್ಕಡಿ ಸಾಕು. ಒಂದು ಕಿಲೋ ಸಿಪ್ಪೆಯನ್ನು ಒಲೆಯ ಬೆಚ್ಚನೆಯ ಕಟ್ಟೆಯ ಮೇಲೆ ತೂಕ ಇಳಿಯುವುದು ನಿಲ್ಲುವವರೆಗೆ ಇಟ್ಟು ಮತ್ತೆ ತೂಗಿದರೆ, ಇಳಿದಷ್ಟು ತೂಕ ನೀರಿನದು. 150 ಗ್ರಾಂ ಒಳಗೆ ಇಳಿದರೆ ಉರಿ ಚೆನ್ನಾಗಿ ನಿಲ್ಲುತ್ತದೆ. 200 ದಾಟಿದರೆ ಹೊಗೆ ಖಚಿತ.

ಉರಿಸಿದಾಗ ಕಂಡದ್ದು

ಬರಿಯ ಸಿಪ್ಪೆ ತುಂಬಿ ಹೊತ್ತಿಸಿದಾಗ ಸ್ವಲ್ಪ ಹೊತ್ತು ಸೊಗಸಾಗಿ ಉರಿದು, ಬಳಿಕ ಒಂದು ಬದಿಯಲ್ಲಿ ಹಳದಿ ಹೊಗೆ ಎದ್ದಿತು. ಡ್ರಮ್ಮಿನ ಹೊರಮೈಗೆ ನೀರು ಚಿಮುಕಿಸಿ ನೋಡಿದೆ. ಬೆಂಕಿಯ ಪದರ ಒಳಗೆ ಎಲ್ಲಿಯವರೆಗೆ ಇಳಿದಿದೆ ಎಂಬುದನ್ನು ಇದು ತಕ್ಷಣ ತೋರಿಸುತ್ತದೆ: ಪದರ ಇಳಿದಲ್ಲಿ ನೀರು ಚುರ್ರೆಂದು ಹಾರುತ್ತದೆ, ಇಳಿಯದಲ್ಲಿ ಸುಮ್ಮನೆ ಹರಿದುಹೋಗುತ್ತದೆ. ಒಂದು ಬದಿಯಲ್ಲಿ ಪದರ ತಳ ಮುಟ್ಟಿತ್ತು, ಎದುರು ಬದಿಯಲ್ಲಿ ಅರ್ಧವೂ ಇಳಿದಿರಲಿಲ್ಲ. ನಾರಿನ ಸಿಪ್ಪೆ ಒಂದಕ್ಕೊಂದು ಹೆಣೆದುಕೊಂಡು ನಡುವೆ ಪೊಳ್ಳು ಬಿಡುತ್ತದೆ. ಗಾಳಿ ಆ ಪೊಳ್ಳಿನಲ್ಲೇ ನುಗ್ಗುತ್ತದೆ, ಬೆಂಕಿ ಗಾಳಿಯ ಹಿಂದೆ ಹೋಗುತ್ತದೆ. ತಳ ಮುಟ್ಟಿದ ಬದಿಯಲ್ಲಿ ಇದ್ದಿಲು ಉರಿದು ಬೂದಿಯಾಗುತ್ತಿದ್ದರೆ ಇನ್ನೊಂದು ಬದಿಯಲ್ಲಿ ಸಿಪ್ಪೆ ಗಾಳಿಯಿಲ್ಲದೆ ಬೇಯುತ್ತಾ ಹೊಗೆ ಬಿಡುತ್ತಿರುತ್ತದೆ.

ಮೆಟ್ಟುಗತ್ತಿಯಲ್ಲಿ ಸುಲಿದ ಸಿಪ್ಪೆ ದೋಣಿಯಾಕಾರದ ಗಟ್ಟಿ ಹೋಳುಗಳಾಗಿರುತ್ತದೆ, ಅದರಲ್ಲಿ ಈ ಕಾಟ ಕಡಿಮೆ. ಯಂತ್ರದಲ್ಲಿ ಸುಲಿದದ್ದು ಜಜ್ಜಿ ಎಳೆಎಳೆಯಾಗಿರುತ್ತದೆ. ಈಗ ಎಲ್ಲರ ಮನೆಯಲ್ಲೂ ಸಿಗುವುದು ಅದೇ. ಅದಕ್ಕೆ ಎರಡು ಉಪಾಯ ಸೇರಿ ಕೆಲಸ ಮಾಡಿದವು. ಒಂದು, ಮೂರು ಬುಟ್ಟಿ ಸಿಪ್ಪೆಗೆ ಒಂದು ಬುಟ್ಟಿ ತೆಂಗಿನ ಕರಟದ ಚೂರು ಬೆರೆಸುವುದು. ಕರಟ ನಾರನ್ನು ಬಿಡಿಸುತ್ತದೆ, ಭಾರ ಕೊಡುತ್ತದೆ. ಕರಟ ಸಾಲದಿದ್ದರೆ ಕಾಯಿ ಬಿಡಿಸಿದ ಅಡಿಕೆ ಗೊನೆಯ ಕಡ್ಡಿ, ಹಳೆಯ ದಬ್ಬೆಯ (ಸೀಳಿದ ಅಡಿಕೆ ಮರದ) ತುಂಡು ಆಗುತ್ತದೆ. ಇನ್ನೊಂದು, ಒಮ್ಮೆಗೇ ಸುರಿಯದೆ ಪದರ ಪದರವಾಗಿ ಹಾಕಿ, ಪ್ರತಿ ಪದರವನ್ನೂ ಹಲಗೆಯ ತುಂಡಿನಿಂದ ಹಗುರವಾಗಿ ಅದುಮುವುದು, ಗೋಡೆಯ ಅಂಚಿನಲ್ಲಿ ಸ್ವಲ್ಪ ಹೆಚ್ಚು ಅದುಮುವುದು. ನುಣುಪಾದ ಗೋಡೆಯ ಪಕ್ಕ ಗಾಳಿಗೆ ಅಡ್ಡಿ ಕಡಿಮೆ, ಬೆಂಕಿ ಅಲ್ಲೇ ಮೊದಲು ಜಾರುತ್ತದೆ. ಹೀಗೆ ತುಂಬಿದ ಮೇಲೆ ನೀರು ಚಿಮುಕಿಸಿ ನೋಡಿದರೆ ಚುರ್ರೆನ್ನುವ ಗೆರೆ ಡ್ರಮ್ಮಿನ ಸುತ್ತಲೂ ಒಂದೇ ಎತ್ತರದಲ್ಲಿ ಇಳಿಯುತ್ತದೆ. ಅದನ್ನು ನೋಡುವುದೇ ಒಂದು ಸಂತೋಷ.

ನಡುವಿನ ತೂತನ್ನು ಎರಡು ಅಳತೆಯಲ್ಲಿ ಪರೀಕ್ಷಿಸಿದೆವು. 20 ಸೆಂಟಿಮೀಟರಿನ ತಟ್ಟೆಯಲ್ಲಿ ಅನಿಲವೂ ಗಾಳಿಯೂ ಚೆನ್ನಾಗಿ ಬೆರೆಯುತ್ತಿದ್ದವು, ಆದರೆ ಉರಿದು ಹಿಗ್ಗಿದ ಬಿಸಿಗಾಳಿಗೆ ಅಷ್ಟು ಕಿಂಡಿ ಸಾಲದೆ ಉರಿ ಸಂದಿನಿಂದ ಹೊರಗೆ ನಾಲಿಗೆ ಚಾಚುತ್ತಿತ್ತು. 25ಕ್ಕೆ ಹಿಗ್ಗಿಸಿದ ಮೇಲೆ ಅದು ನಿಂತಿತು. ಚಿಮಣಿ ನಿಮ್ಮಲ್ಲಿ ಗಿಡ್ಡವಿದ್ದರೆ ಇನ್ನೂ ಸ್ವಲ್ಪ ದೊಡ್ಡದು ಬೇಕಾಗಬಹುದು. ತಟ್ಟೆಯನ್ನು ಬೆಸೆಯದೆ ನಟ್ಟು ಬೋಲ್ಟಿನಲ್ಲಿ ಕೂರಿಸಿದರೆ ಬದಲಾಯಿಸಲು ಸುಲಭ.

ಹೊತ್ತಿಸುವಾಗ ಮೇಲ್ಮೈ ಪೂರ್ತಿ ಒಣ ಅಡಿಕೆ ಹಾಳೆಯ ಚೂರು, ತೆಂಗಿನ ನಾರು ಹರಡಿ, ಹೊರಗೆ ಬಯಲಿನಲ್ಲೇ ನಾಲ್ಕೈದು ಕಡೆ ಬೆಂಕಿ ಕೊಡಬೇಕು. ಮೇಲ್ಮೈ ಎಲ್ಲ ಕೆಂಪಾದ ಮೇಲೆ ಒಲೆಯ ಕೆಳಗೆ ತಳ್ಳಬೇಕು. ಒಂದು ಕಡೆ ಮಾತ್ರ ಹೊತ್ತಿಸಿ ತಳ್ಳಿದರೆ ಉಳಿದ ಭಾಗದಿಂದ ಬರುವ ಹೊಗೆಗೆ ಉರಿ ತಾಗುವುದಿಲ್ಲ. ನಡುವೆ ಯಾವಾಗಲಾದರೂ ಉರಿ ನಂದಿ ಬಿಳಿ ಹೊಗೆ ಬಂದರೆ ಮುಖ ತಗ್ಗಿಸಿ ಒಳಗೆ ಇಣುಕಬಾರದು. ಅದು ಉರಿಯುವ ಅನಿಲ, ಕಿಡಿ ತಗುಲಿದ ಕೂಡಲೇ ಭುಗ್ಗೆನ್ನುತ್ತದೆ. ವಾಲ್ವ್ ಮುಚ್ಚಿ, ಉದ್ದ ಕಬ್ಬಿಣದ ಸರಳಿಗೆ ಬಟ್ಟೆ ಸುತ್ತಿ ಹೊತ್ತಿಸಿ, ದೂರದಿಂದ ಸಂದಿಗೆ ಹಿಡಿಯಬೇಕು.

ಉರಿಯನ್ನು ಹೆಚ್ಚು ಕಡಿಮೆ ಮಾಡಲು ಇರುವುದು ಕೆಳಗಿನ ವಾಲ್ವ್ ಒಂದೇ. ನಮ್ಮ ಮನೆಯಲ್ಲಿ ಅಡಿಕೆ ಬೇಯಿಸುವ ಹದ ಬಲ್ಲವರು ಚಿಕ್ಕಪ್ಪ. ಅವರ ಅನುಮಾನ ಬೇರೆಯದೇ ಆಗಿತ್ತು. ‘ಉರಿ ಹೆಚ್ಚಾದರೆ ಚೊಗರು (ಅಡಿಕೆ ಬೇಯುವ ರಸ) ಉಕ್ಕಿ ಚೆಲ್ಲುತ್ತದೆ, ಕಡಿಮೆಯಾದರೆ ಬಣ್ಣ ಕೂರುವುದಿಲ್ಲ. ಸೌದೆಯಾದರೆ ಒಂದು ಕೊಳ್ಳಿ ಹೊರಗೆಳೆಯುತ್ತೇನೆ. ನಿನ್ನ ಡ್ರಮ್ಮಿನಿಂದ ಏನು ಎಳೆಯಲಿ?’ ಎಂದರು. ವಾಲ್ವನ್ನು ಅರ್ಧ ತಿರುವು ಮುಚ್ಚಿ ತೋರಿಸಿದೆ. ಸ್ವಲ್ಪ ಹೊತ್ತಿಗೆ ಉರಿ ತಗ್ಗಿತು. ತಕ್ಷಣ ತಗ್ಗುವುದಿಲ್ಲ ಎಂಬುದು ನಿಜ, ಕೊಳ್ಳಿ ಎಳೆದಷ್ಟು ಚುರುಕಲ್ಲ. ಉಕ್ಕುವ ಮೊದಲೇ ಅಂದಾಜು ಮಾಡಿ ವಾಲ್ವ್ ತಿರುಗಿಸುವ ಹದ ಚಿಕ್ಕಪ್ಪನಿಗೆ ನನಗಿಂತ ಬೇಗ ಸಿದ್ಧಿಸಿತು. ಈಗ ವಾಲ್ವಿನ ಹಿಡಿಗೆ ಉದ್ದ ಸರಳು ಬೆಸೆದು ಮೇಲಿನ ಕಟ್ಟೆಯವರೆಗೆ ತಂದಿದ್ದೇವೆ, ಅವರೇ ತಿರುಗಿಸಿಕೊಳ್ಳುತ್ತಾರೆ.

ಲೆಕ್ಕ

ಒಂದು ಡ್ರಮ್ಮಿಗೆ ಸಿಪ್ಪೆ, ಕರಟ ಸೇರಿ 20 ಕಿಲೋ ಆಸುಪಾಸು ಹಿಡಿಯುತ್ತದೆ. ಒಣ ಉರುವಲಿನ ಒಂದು ಕಿಲೋದಲ್ಲಿ ಸುಮಾರು 17 ಮೆಗಾಜೂಲ್ ಎಂದು ಹಿಡಿದರೆ ಒಟ್ಟು 340. ಕೊನೆಗೆ ಉಳಿಯುವ ಇದ್ದಿಲು ನಾಲ್ಕೂವರೆ ಕಿಲೋ. ಇದ್ದಿಲಿನಲ್ಲಿ ಕಿಲೋಗೆ 29 ಎಂದರೆ 130 ಮೆಗಾಜೂಲ್ ಅದರಲ್ಲೇ ಉಳಿಯಿತು. ಉರಿಯಾಗಿ ಬಂದದ್ದು 210. ಅದರ ಮೂರನೆಯ ಒಂದು ಪಾಲು ಹಂಡೆಗೆ ಇಳಿದರೂ 70 ಮೆಗಾಜೂಲ್. ನೂರು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವವರೆಗೆ ತರಲು 31 ಸಾಕು. ಉಳಿದದ್ದು ಅಡಿಕೆ ಬೇಯಲು, ಆವಿಗೆ, ಇಟ್ಟಿಗೆ ಕಾಯಲು. ಕಾಗದದ ಮೇಲಿನ ಈ ಅಂದಾಜಿಗೂ ಹಂಡೆ ಕುದಿಯಲು ಹಿಡಿಯುವ ಹೊತ್ತಿಗೂ ದೊಡ್ಡ ಅಂತರ ಕಾಣಲಿಲ್ಲ.

ಮೂರನೆಯ ಒಂದು ಪಾಲಿಗಿಂತ ಹೆಚ್ಚು ಶಕ್ತಿ ಇದ್ದಿಲಿನಲ್ಲೇ ಉಳಿಯುವುದು ನಷ್ಟವಲ್ಲವೇ ಎಂದು ಕೇಳುವವರಿದ್ದಾರೆ. ವಾಲ್ವ್ ತೆರೆದಿಟ್ಟರೆ ಇದ್ದಿಲೂ ಉರಿಯುತ್ತದೆ, ಸಣ್ಣಗೆ ಬಹಳ ಹೊತ್ತು ಬಿಸಿ ಕೊಡುತ್ತದೆ. ಹಾಗೆಯೂ ಬಳಸಿ ನೋಡಿದ್ದೇವೆ. ಸಿಪ್ಪೆಯ ಬೂದಿಯಲ್ಲಿ ಪೊಟ್ಯಾಶ್ ಹೆಚ್ಚು, ಇದ್ದಿಲು ನಿಗಿನಿಗಿ ಉರಿಯುವ ಕಾವಿಗೆ ಆ ಬೂದಿ ಕರಗಿ ತಳದ ತೂತುಗಳಲ್ಲಿ ಕಿಟ್ಟವಾಗಿ ಗಟ್ಟಿಯಾಗುತ್ತದೆ. ಉಳಿ ಹಿಡಿದು ಒಡೆಯಬೇಕು. ಡ್ರಮ್ಮಿನ ತಳವೂ ಬೇಗ ಸವೆಯುತ್ತದೆ. ಇದ್ದಿಲನ್ನು ಉಳಿಸಿ ತೋಟಕ್ಕೆ ಹಾಕುವುದೇ ಮೇಲು ಎಂಬ ತೀರ್ಮಾನಕ್ಕೆ ಬಂದಿದ್ದೇನೆ.

ಇದ್ದಿಲು

ಉರಿಯ ಹಳದಿ ಬಣ್ಣ ಹೋಗಿ, ಗಿಡ್ಡವಾದ ನೀಲಿ ಉರಿ ಕಂಡಿತೆಂದರೆ ಬೆಂಕಿಯ ಪದರ ತಳ ಮುಟ್ಟಿದೆ, ಅನಿಲ ಮುಗಿದು ಇದ್ದಿಲು ಉರಿಯತೊಡಗಿದೆ ಎಂದರ್ಥ. ಆಗ ತಡಮಾಡದೆ ವಾಲ್ವ್ ಮುಚ್ಚಿ ಡ್ರಮ್ಮನ್ನು ಹೊರಗೆಳೆಯಬೇಕು. ನಾವು ಅದನ್ನು ಗಾಡಿಯಿಂದಲೇ ಬಗ್ಗಿಸಿ ಸಿಮೆಂಟ್ ತೊಟ್ಟಿಗೆ ಸುರಿದು ನೀರು ಹಾಕುತ್ತೇವೆ. ಕೆಂಡದ ಮೇಲೆ ನೀರು ಬಿದ್ದಾಗ ಏಳುವ ಆವಿಯಲ್ಲಿ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಎರಡೂ ಇರುತ್ತವೆ. ಗಾಳಿ ನಮ್ಮ ಬೆನ್ನಿನ ಕಡೆಯಿಂದ ತೊಟ್ಟಿಯತ್ತ ಬೀಸುವಂತೆ ನಿಲ್ಲಬೇಕು. ನೀರು ಹಾಕದೆ ಮುಚ್ಚಳ ಮುಚ್ಚಿ ಮಣ್ಣು ಮೆತ್ತಿ ನಂದಿಸಲೂ ಆಗುತ್ತದೆ, ಆದರೆ ತಳದ ಎಲ್ಲೋ ಒಂದು ಸೀಳಿನಿಂದ ಗಾಳಿ ಸೇರಿದರೆ ಬೆಳಗಿನ ಹೊತ್ತಿಗೆ ಬೂದಿಯಷ್ಟೇ ಉಳಿದಿರುತ್ತದೆ. ನಂದಿಸಿದ ಇದ್ದಿಲನ್ನು ಅದೇ ದಿನ ಚೀಲಕ್ಕೆ ತುಂಬಿ ಕೊಟ್ಟಿಗೆಗೆ ಸೇರಿಸಬೇಡಿ. ಒಳಗೆ ಒಂದು ಕೆಂಡ ಉಳಿದಿದ್ದರೂ ಗಂಟೆಗಳ ನಂತರ ಹೊತ್ತಿಕೊಳ್ಳುತ್ತದೆ. ಬಯಲಿನಲ್ಲಿ ಹರವಿ, ಮರುದಿನ ಕೈಯಾಡಿಸಿ ತಣ್ಣಗಿದೆ ಎಂದು ಖಚಿತವಾದ ಮೇಲೆಯೇ ತುಂಬಬೇಕು.

ಹೊಸ ಇದ್ದಿಲನ್ನು ನೇರವಾಗಿ ಮರದ ಬುಡಕ್ಕೆ ಹಾಕಿದರೆ ಅದು ಮೊದಲು ಮಣ್ಣಿನ ಸಾರಜನಕವನ್ನೇ ಹಿಡಿದುಕೊಳ್ಳಬಹುದು. ಆದ್ದರಿಂದ ಪುಡಿ ಮಾಡಿ, ಕೊಟ್ಟಿಗೆಯ ಗಂಜಲದಲ್ಲಿ ನೆನೆಸಿ, ಗೊಬ್ಬರದ ಗುಂಡಿಯಲ್ಲಿ ಪದರ ಪದರವಾಗಿ ಸೇರಿಸುತ್ತೇವೆ. ಗುಂಡಿಯ ವಾಸನೆ ಕಡಿಮೆಯಾದದ್ದು ಮನೆಯವರೆಲ್ಲರ ಗಮನಕ್ಕೆ ಬಂದಿದೆ. ಮಲೆನಾಡಿನ ಕೆಂಪು ಮಣ್ಣು ಹುಳಿ, ಮಳೆಗೆ ಪೋಷಕಾಂಶ ತೊಳೆದುಹೋಗುವಂಥದ್ದು. ಸುಣ್ಣದ ಗುಣವಿರುವ, ಸೂಕ್ಷ್ಮ ರಂಧ್ರಗಳಿಂದ ತುಂಬಿದ ಇದ್ದಿಲು ಅಂಥ ಮಣ್ಣಿಗೆ ಒಪ್ಪುತ್ತದೆ. ಒಂದು ಸಾಲು ಮರಕ್ಕೆ ಇದ್ದಿಲು ಬೆರೆಸಿದ ಗೊಬ್ಬರ, ಪಕ್ಕದ ಸಾಲಿಗೆ ಬರಿಯ ಗೊಬ್ಬರ ಹಾಕಿ ಗುರುತು ಮಾಡಿಟ್ಟಿದ್ದೇನೆ.

ಹಾಕಬಾರದ್ದು

ನೋಡಲು ಬಂದವರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ, ಹರಿದ ಕೊಟ್ಟೆಗಳನ್ನೂ ಇದಕ್ಕೆ ಹಾಕಬಹುದೇ ಎಂದು. ಕೊಳೆರೋಗ ತಪ್ಪಿಸಲು ಅಡಿಕೆ ಗೊನೆಗೆ ಕಟ್ಟುವ ಪ್ಲಾಸ್ಟಿಕ್ ಕೊಟ್ಟೆ ತೋಟಗಳಲ್ಲಿ ದೊಡ್ಡ ಕಸವೇ ಆಗಿದೆ, ಅವರ ಚಿಂತೆ ನ್ಯಾಯವಾದದ್ದು. ಆದರೂ ಹಾಕಬಾರದು. ಪಾಲಿಥಿನ್ ಕರಗಿ ತಳದ ತೂತು ಮುಚ್ಚುತ್ತದೆ, ಮೇಣ, ಎಣ್ಣೆಯ ಆವಿಯಾಗಿ ಒಮ್ಮೆಗೇ ಏಳುತ್ತದೆ. ಅದನ್ನು ಎಣ್ಣೆಯಾಗಿ ತೆಗೆಯಲು ಗಾಳಿಯೇ ಸೇರದ ಮುಚ್ಚಿದ ಪಾತ್ರೆ, ತಣಿಸುವ ಕೊಳವೆ, ಬೇರೆಯದೇ ಸುರಕ್ಷತೆ ಬೇಕು. ಕಲಬೆರಕೆಯಲ್ಲಿ ಪಿವಿಸಿ ಚೂರು ಸೇರಿತೆಂದರೆ ಹೈಡ್ರೋಕ್ಲೋರಿಕ್ ಆಮ್ಲ, ಡಯಾಕ್ಸಿನ್ ಹುಟ್ಟುತ್ತವೆ. ಅಡಿಕೆ ಬಾಯಿಗೆ ಹೋಗುವ ವಸ್ತು, ಇದ್ದಿಲು ಮಣ್ಣಿಗೆ ಹೋಗುವ ವಸ್ತು. ಈ ಒಲೆಗೆ ತೋಟದಲ್ಲಿ ಬೆಳೆದದ್ದು ಮಾತ್ರ.

ದರೆಯ ಕೆಳಗಿನ ಮೂರು ಬದಿ ತೆರೆದಿಡಬೇಕೆಂದು ಹೇಳಿದ್ದಕ್ಕೆ ಕಾರಣ ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಡ್ರಮ್ಮಿನಿಂದ ಏಳುವ ಅನಿಲದಲ್ಲಿ ಅದೇ ಮುಖ್ಯ ಅಂಶಗಳಲ್ಲೊಂದು. ಉರಿ ಸರಿಯಾಗಿರುವಾಗ ಅದೆಲ್ಲ ಉರಿದುಹೋಗುತ್ತದೆ, ನಂದಿದ ಕ್ಷಣದಿಂದ ಹೊರಗೆ ಬರುತ್ತದೆ. ಚಳಿಯೆಂದು ತಗಡು ಕಟ್ಟಿ ಮುಚ್ಚುವುದು, ಒಲೆಯ ಪಕ್ಕದಲ್ಲಿ ಮಲಗುವುದು, ಇದ್ದಿಲು ತುಂಬಿದ ಬಿಸಿ ಡ್ರಮ್ಮನ್ನು ಮನೆಯೊಳಗೆ ತರುವುದು, ಇವು ಮೂರೂ ಪ್ರಾಣಕ್ಕೆ ಕುತ್ತು. ತಲೆನೋವು, ಓಕರಿಕೆ ಬಂದರೆ ಮೊದಲು ಬಯಲಿಗೆ ಬರಬೇಕು. ಕಾರ್ಬನ್ ಮೊನಾಕ್ಸೈಡ್ ಸೂಚಕ ಯಂತ್ರವೊಂದನ್ನು ಕೆಳಗಿನ ಕಂಬಕ್ಕೆ ತೂಗು ಹಾಕಿದ್ದೇವೆ.

ಸವೆದದ್ದು, ಬದಲಾಯಿಸುವುದು

ಕೊಯ್ಲು ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿ ನೋಡಿದೆವು. ಉರಿಗೊಳವೆ ಗಟ್ಟಿಯಾಗಿದೆ. ಡ್ರಮ್ಮುಗಳ ಗೋಡೆ ಮಾತ್ರ ಕೆಳಗಿನ ಮೂರನೆಯ ಒಂದು ಭಾಗದಲ್ಲಿ ಹೊಪ್ಪಳೆ ಎದ್ದು ತೆಳುವಾಗಿದೆ. ಸಾದಾ ಕಬ್ಬಿಣಕ್ಕೆ 600 ಡಿಗ್ರಿ ಆಸುಪಾಸಿನ ಕಾವು ಮತ್ತೆ ಮತ್ತೆ ತಗುಲಿದರೆ ಹೀಗಾಗುವುದು ಸಹಜ, ನೀರು ಚಿಮುಕಿಸಿದ್ದೂ ಸ್ವಲ್ಪ ಸೇರಿರಬಹುದು. ಒಂದು ಡ್ರಮ್ಮಿಗೆ ಒಳಗಡೆ 3 ಮಿಲಿಮೀಟರ್ ಶೀಟಿನ ಬಳೆ ಕೂರಿಸಿ, ಎರಡರ ನಡುವಿನ ಎರಡು ಬೆರಳು ಜಾಗಕ್ಕೆ ಬೂದಿ ತುಂಬುತ್ತಿದ್ದೇವೆ. ಒಳಗಿನ ಬಳೆ ಸವೆದರೆ ಅದನ್ನಷ್ಟೇ ಬದಲಾಯಿಸಬಹುದು. ಬಳೆಯಿಂದಾಗಿ ಉರುವಲು ಸ್ವಲ್ಪ ಕಡಿಮೆ ಹಿಡಿಯುತ್ತದೆ, ಹೊರಮೈಗೆ ನೀರು ಚಿಮುಕಿಸಿ ಪದರ ನೋಡುವ ಉಪಾಯವೂ ನಡೆಯುವುದಿಲ್ಲ. ಅದಕ್ಕಾಗಿ ಮೂರು ಎತ್ತರದಲ್ಲಿ ಗೋಡೆಯ ಮೂಲಕ ಕಾವು ಅಳೆಯುವ ಕೆ ಮಾದರಿಯ ಥರ್ಮೋಕಪಲ್ ತೂರಿಸಲು ಪುಟ್ಟ ಪೈಪು ಬೆಸೆದಿದ್ದೇವೆ. ಎರಡನೆಯ ಡ್ರಮ್ಮನ್ನು ಇದ್ದ ಹಾಗೇ ಬಿಟ್ಟಿದ್ದೇವೆ, ಮುಂದಿನ ಕೊಯ್ಲಿನಲ್ಲಿ ಎರಡನ್ನೂ ಒಟ್ಟಿಗೆ ಉರಿಸಿ ಹೋಲಿಸಲು. ಗಾಡಿಯ ಚಕ್ರಕ್ಕೆ ಹಾಕಿದ್ದ ರಬ್ಬರ್ ಸುಟ್ಟುಹೋಗಿದೆ, ಕಬ್ಬಿಣದ ಚಕ್ರ ಬರಬೇಕು. ಬೇಣದಲ್ಲಿ ಹರವಿದ ಸಿಪ್ಪೆ ಒಂದು ಬದಿ ಒಣಗಿದೆ, ಈ ವಾರ ಮಗುಚುವ ಕೆಲಸವಿದೆ.